ಹತ್ತು ಗಂಟೆ, ಇನ್ನೂರೈವತ್ತು ಕೈ: ಪೋಕರ್ ಟೂರ್ನಿಯ ಒಂದು ದಿನ ಹೇಗೆ ಸಾಗುತ್ತದೆ?

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಮೊಬೈಲಿನ ರಮ್ಮಿ, ಪೋಕರ್ ಆ್ಯಪ್‌ಗಳು ಹಣ ಕಟ್ಟಿ ಆಡುವ ಆಟಗಳನ್ನು ನಿಲ್ಲಿಸಿದವು. ಅಲ್ಲಿಂದೀಚೆಗೆ ಪೋಕರ್ ಎಂಬ ಹೆಸರು ಪೇಪರಿನಲ್ಲಿ, ಟೀವಿ ಚರ್ಚೆಯಲ್ಲಿ, ಆಫೀಸಿನ ಊಟದ ಹೊತ್ತಿನ ಮಾತಿನಲ್ಲಿ ಆಗಾಗ ಬರುತ್ತಿದೆ. ಇದು ಬುದ್ಧಿಯ ಆಟವೋ, ಬರೀ ಅದೃಷ್ಟವೋ ಎಂದು ಎರಡೂ ಕಡೆಯವರು ಜೋರಾಗಿಯೇ ವಾದಿಸುತ್ತಾರೆ. ಆದರೆ ಒಂದು ಮೇಜಿನ ಮುಂದೆ ಮಧ್ಯಾಹ್ನ ಕೂತವರು ನಡುರಾತ್ರಿಯವರೆಗೂ ನಿಜಕ್ಕೂ ಏನು ಮಾಡುತ್ತಾರೆ ಎಂಬುದು ವಾದಿಸುವವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಸಿನಿಮಾದಲ್ಲಿ ನೋಡಿದ ಪೋಕರ್‌ನಲ್ಲಿ ಪ್ರತಿ ಎರಡು ನಿಮಿಷಕ್ಕೊಮ್ಮೆ ಯಾರೋ ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳುತ್ತಾರೆ. ನಿಜವಾದ ದಿನ ಹಾಗಿರುವುದಿಲ್ಲ. ಅದರ ಬಹುಪಾಲು ಎಲೆ ಎಸೆದು ಸುಮ್ಮನೆ ಕೂರುವುದರಲ್ಲೇ ಕಳೆಯುತ್ತದೆ.

ಆ ಒಂದು ದಿನವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬಿಡಿಸಿ ನೋಡೋಣ. ಅದಕ್ಕೆ ಜಗತ್ತಿನ ಅತಿ ಹೆಸರಾಂತ ಟೂರ್ನಿಯನ್ನೇ ತೆಗೆದುಕೊಳ್ಳುತ್ತೇನೆ: ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ 'ಮೇನ್ ಈವೆಂಟ್'. ಮೇಜಿನಲ್ಲಿ ಕೂರುವವರು ನೀವೇ ಎಂದಿಟ್ಟುಕೊಳ್ಳಿ. ನಿಮ್ಮ ಕೈಗೆ ಬರುವ ಎಲೆಗಳು ನಾನು ಉದಾಹರಣೆಗೆ ಕಟ್ಟಿದವು. ನಿಯಮಗಳೂ ಲೆಕ್ಕಗಳೂ ನಿಜವಾದವು.

ಹತ್ತು ಸಾವಿರ ಡಾಲರ್, ಅರವತ್ತು ಸಾವಿರ ಬಿಲ್ಲೆ

ಈ ಸರಣಿ ಶುರುವಾದದ್ದು 1970ರಲ್ಲಿ. 1972ರಿಂದ ಇಂದಿನವರೆಗೂ ಮೇನ್ ಈವೆಂಟ್‌ನ ಪ್ರವೇಶ ಶುಲ್ಕ 10,000 ಡಾಲರ್. ಅದನ್ನು ಕಟ್ಟಿದರೆ ನಿಮ್ಮ ಮುಂದೆ ಚಿಪ್‌ಗಳನ್ನು, ಅಂದರೆ ಬಣ್ಣಬಣ್ಣದ ಬಿಲ್ಲೆಗಳನ್ನು ಜೋಡಿಸಿಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಪ್ರತಿಯೊಬ್ಬರಿಗೂ ಒಟ್ಟು 60,000 ಮೌಲ್ಯದ ಬಿಲ್ಲೆ.

ಎಲ್ಲರೂ ಎಡವುವ ಜಾಗ ಇಲ್ಲೇ ಇದೆ. ಈ ಬಿಲ್ಲೆ ಹಣವಲ್ಲ. ಮಧ್ಯದಲ್ಲಿ ಎದ್ದು ಹೋಗಿ 'ನನ್ನ ಹತ್ತಿರ ಲಕ್ಷ ಬಿಲ್ಲೆ ಇದೆ, ದುಡ್ಡು ಕೊಡಿ' ಎಂದು ಕೌಂಟರಿನಲ್ಲಿ ಕೇಳಲಾಗದು. ಬಿಲ್ಲೆ ಎಂದರೆ ಟೂರ್ನಿಯಲ್ಲಿ ಉಳಿಯಲು ನಿಮಗಿರುವ ಆಯಸ್ಸು. ಅದು ಮುಗಿದರೆ ನೀವು ಮನೆಗೆ. ಈ ಟೂರ್ನಿಯಲ್ಲಿ ಮತ್ತೊಮ್ಮೆ ದುಡ್ಡು ಕಟ್ಟಿ ಬಂದು ಕೂರುವ ಅವಕಾಶವಿಲ್ಲ. ಆಟಗಾರರು ಒಬ್ಬೊಬ್ಬರಾಗಿ ಹೊರಬೀಳುತ್ತಾ, ಕೊನೆಗೆ ಎಲ್ಲ ಬಿಲ್ಲೆಗಳೂ ಒಬ್ಬರ ಮುಂದೆ ಸೇರುತ್ತವೆ. ಬಹುಮಾನ ಸಿಗುವುದು ಯಾರು ಎಷ್ಟು ಹೊತ್ತು ಉಳಿದರು ಎಂಬುದರ ಮೇಲೆ.

2023ರ ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆ ವರ್ಷ 10,043 ಮಂದಿ ಆಡಿದರು. ಪ್ರತಿಯೊಬ್ಬರ ಹತ್ತು ಸಾವಿರದಲ್ಲಿ 9,300 ಡಾಲರ್ ಬಹುಮಾನದ ಗಂಟಿಗೆ ಹೋಯಿತು, ಉಳಿದ 700 ಆಯೋಜಕರ ಪಾಲು. ಗಂಟು ಸುಮಾರು 9 ಕೋಟಿ 34 ಲಕ್ಷ ಡಾಲರ್ ಆಯಿತು. ಗೆದ್ದ ಡೇನಿಯಲ್ ವೈನ್‌ಮನ್‌ಗೆ ಸಿಕ್ಕಿದ್ದು 1 ಕೋಟಿ 21 ಲಕ್ಷ. ಬಿಲ್ಲೆಗಳಲ್ಲಿ ನೂರಕ್ಕೆ ನೂರು ಅವರದೇ ಆಗಿತ್ತು, ಹಣದಲ್ಲಿ ಮಾತ್ರ ನೂರಕ್ಕೆ ಸುಮಾರು 13 ಪಾಲು. ಉಳಿದದ್ದು ಅವರ ಹಿಂದೆ ಬಂದ ಒಂದೂವರೆ ಸಾವಿರ ಮಂದಿಗೆ ಹಂಚಿಹೋಯಿತು. ಹಣ ಸಿಕ್ಕವರಲ್ಲಿ ಅತಿ ಕಡಿಮೆ ಪಡೆದವರಿಗೆ 15,000 ಡಾಲರ್. ನೂರರಲ್ಲಿ 85 ಮಂದಿಗೆ ಒಂದು ಸೆಂಟೂ ಇಲ್ಲ.

ಹೀಗಾಗಿ ಬಿಲ್ಲೆ ಎರಡು ಪಟ್ಟಾದರೆ ಅದರ ಬೆಲೆ ಎರಡು ಪಟ್ಟಾಗುವುದಿಲ್ಲ. ಆದರೆ ಬಿಲ್ಲೆ ಪೂರ್ತಿ ಹೋದರೆ ಎಲ್ಲವೂ ಹೋದಂತೆ. ಅನುಭವಿಗಳು ಮೊದಲ ದಿನ ಅಷ್ಟು ಎಚ್ಚರದಿಂದ ಆಡುವುದಕ್ಕೆ ಈ ಅಸಮತೋಲನವೇ ಕಾರಣ.

ಎರಡು ಎಲೆ ನಿಮ್ಮದು, ಐದು ಎಲೆ ಎಲ್ಲರದು

ಇಲ್ಲಿ ಆಡುವ ಪೋಕರ್ ಬಗೆಗೆ 'ನೋ ಲಿಮಿಟ್ ಟೆಕ್ಸಾಸ್ ಹೋಲ್ಡೆಮ್' ಎಂದು ಹೆಸರು. ಒಂದು ಸಲ ಎಲೆ ಹಂಚಿ, ನಡುವಿನ ರಾಶಿ ಯಾರ ಪಾಲಾಯಿತು ಎಂಬಲ್ಲಿಗೆ ಒಂದು 'ಹ್ಯಾಂಡ್' ಮುಗಿಯುತ್ತದೆ. ನಾವದನ್ನು 'ಕೈ' ಎನ್ನೋಣ. ನಡುವೆ ಕೂಡಿದ ಬಿಲ್ಲೆಗಳ ರಾಶಿಗೆ 'ಪಾಟ್' ಎನ್ನುತ್ತಾರೆ.

ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಅವನ್ನು ನೋಡಿ ಒಂದು ಸುತ್ತು ಪಣ ಕಟ್ಟುತ್ತಾರೆ. ಆಮೇಲೆ ಮೇಜಿನ ನಡುವೆ ಮೂರು ಎಲೆ ತೆರೆದಿಡುತ್ತಾರೆ, ಇದು ಫ್ಲಾಪ್. ಮತ್ತೆ ಒಂದು ಸುತ್ತು ಪಣ. ನಾಲ್ಕನೇ ಎಲೆ ಟರ್ನ್, ಮತ್ತೆ ಪಣ. ಐದನೆಯದು ರಿವರ್, ಕೊನೆಯ ಪಣ. ತೆರೆದಿಟ್ಟ ಐದು ಎಲೆ ಎಲ್ಲರಿಗೂ ಸೇರಿದ್ದು. ನಿಮ್ಮ ಎರಡು ಮತ್ತು ಆ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದು ಎಲೆಗಳ ಜೋಡಣೆ ಯಾರದೋ ಅವರು ಗೆದ್ದರು. ಅಥವಾ ಮಿಕ್ಕವರೆಲ್ಲ ಎಲೆ ಎಸೆದುಬಿಟ್ಟರೆ ಉಳಿದ ಒಬ್ಬರೇ ಗೆದ್ದರು, ಅವರ ಎಲೆ ಏನೇ ಇರಲಿ. ಈ ಎರಡನೇ ದಾರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರೆಲೆ ಆಟ, ಅಂದರೆ ತೀನ್ ಪತ್ತಿ ಆಡಿ ಗೊತ್ತಿದ್ದವರಿಗೆ ಅರ್ಧ ಪಾಠ ಬಂದಂತೆಯೇ. ಅಲ್ಲಿನ 'ಪ್ಯಾಕ್' ಇಲ್ಲಿ 'ಫೋಲ್ಡ್'. ಎದುರಿನವರು ಕಟ್ಟಿದಷ್ಟೇ ಕಟ್ಟಿದರೆ 'ಕಾಲ್', ಏರಿಸಿದರೆ 'ರೇಸ್', ಯಾರೂ ಕಟ್ಟದಿದ್ದಾಗ ತಾವೂ ಕಟ್ಟದೆ ಮುಂದಕ್ಕೆ ಬಿಟ್ಟರೆ 'ಚೆಕ್'. ಮುಂದಿರುವುದನ್ನೆಲ್ಲ ಇಟ್ಟರೆ 'ಆಲ್ ಇನ್'. ಒಂದು ವ್ಯತ್ಯಾಸ ಮಾತ್ರ ನಮ್ಮವರನ್ನು ಗೊಂದಲಕ್ಕೆ ಬೀಳಿಸುತ್ತದೆ. ಮೂರೆಲೆ ಆಟದಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು. ಪೋಕರ್‌ನಲ್ಲಿ ಉಲ್ಟಾ: ಒಂದೇ ಬಣ್ಣದ (ಐದೂ ಇಸ್ಪೀಟು, ಇಲ್ಲವೇ ಐದೂ ಆಟೀನು, ಹೀಗೆ) ಐದು ಎಲೆ, ಅಂದರೆ ಫ್ಲಶ್, ಸಾಲಾದ ಐದು ಎಲೆಯನ್ನು ಸೋಲಿಸುತ್ತದೆ. ಇದು ಯಾರೋ ಮನಸ್ಸಿಗೆ ಬಂದಂತೆ ಮಾಡಿದ ನಿಯಮವಲ್ಲ. ಯಾವುದು ಅಪರೂಪವೋ ಅದು ದೊಡ್ಡದು. ಮೂರು ಎಲೆಗಳಲ್ಲಿ ಸೀಕ್ವೆನ್ಸ್ 720 ಬಗೆಯಲ್ಲಿ ಬರಬಹುದು, ಕಲರ್ 1,096 ಬಗೆಯಲ್ಲಿ. ಐದು ಎಲೆಗೆ ಬಂದಾಗ ಲೆಕ್ಕ ತಿರುಗುತ್ತದೆ: ಸಾಲು 10,200 ಬಗೆ, ಒಂದೇ ಬಣ್ಣ 5,108 ಬಗೆ. ಐದು ಎಲೆ ಒಂದೇ ಬಣ್ಣಕ್ಕೆ ಬರುವುದು ಅಷ್ಟು ಕಷ್ಟ.

ಎರಡು ಗಂಟೆಗೊಮ್ಮೆ ಏರುವ ಬಾಡಿಗೆ

ಎಲೆ ಬರುವ ಮೊದಲೇ ಇಬ್ಬರು ಕಡ್ಡಾಯವಾಗಿ ಬಿಲ್ಲೆ ಇಡಬೇಕು. ಎಲೆ ನೋಡದೆ ಇಡುವುದರಿಂದ ಅದಕ್ಕೆ 'ಬ್ಲೈಂಡ್' ಎಂದು ಹೆಸರು. ಮೊದಲ ಹಂತದಲ್ಲಿ ಸಣ್ಣ ಬ್ಲೈಂಡ್ 100, ದೊಡ್ಡ ಬ್ಲೈಂಡ್ 200. ದೊಡ್ಡ ಬ್ಲೈಂಡ್ ಇಡುವವರು ಇಡೀ ಮೇಜಿನ ಪರವಾಗಿ ಇನ್ನೂ 200 ಇಡುತ್ತಾರೆ, ಅದು 'ಆಂಟಿ'. ನಮ್ಮ ಮೂರೆಲೆ ಆಟದ ಬೂಟ್ ಇದ್ದಂತೆ. ಪ್ರತಿ ಕೈ ಮುಗಿದಂತೆ ಈ ಸರದಿ ಎಡಕ್ಕೆ ಒಂದೊಂದು ಕುರ್ಚಿ ಸರಿಯುತ್ತದೆ. ಒಂಬತ್ತು ಮಂದಿಯ ಮೇಜಿನಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ನೀವು ಏನೂ ಆಡದಿದ್ದರೂ 500 ಬಿಲ್ಲೆ ಹೋಗಿರುತ್ತದೆ. ಕುರ್ಚಿಗೆ ಕೊಡುವ ಬಾಡಿಗೆ ಎನ್ನಬಹುದು.

ಮೊದಲಿಗೆ ಅದು ಅಗ್ಗವೇ. ಮನುಷ್ಯರು ಎಲೆ ಹಂಚುವ ಮೇಜಿನಲ್ಲಿ ಗಂಟೆಗೆ ಸುಮಾರು 25 ಕೈ ಆಗುತ್ತದೆ. ಎರಡು ಗಂಟೆಯ ಹಂತದಲ್ಲಿ ಐದಾರು ಸುತ್ತು. ಸುಮ್ಮನೆ ಕೂತರೂ ಅರವತ್ತು ಸಾವಿರದಲ್ಲಿ ಮೂರು ಸಾವಿರಕ್ಕಿಂತ ಕಡಿಮೆ ಖರ್ಚು. ಆದರೆ ಪ್ರತಿ ಎರಡು ಗಂಟೆಗೊಮ್ಮೆ ಬಾಡಿಗೆ ಏರುತ್ತದೆ. ಬ್ಲೈಂಡ್ 300–600ಕ್ಕೆ ಬಂದು ಆಂಟಿಯೂ 600 ಆದರೆ ಒಂದು ಸುತ್ತಿಗೆ 1,500. ಆಗ 9,000 ಬಿಲ್ಲೆ ಇದ್ದವರಿಗೆ ಉಳಿದದ್ದು ಆರೇ ಸುತ್ತು. 'ನನ್ನ ಬಿಲ್ಲೆ ಎಷ್ಟು ಸುತ್ತಿನ ಬಾಡಿಗೆಗೆ ಸಾಕು' ಎಂಬ ಈ ಲೆಕ್ಕಕ್ಕೆ ಆಟಗಾರರು 'ಎಂ' ಎನ್ನುತ್ತಾರೆ. ಪೌಲ್ ಮಗ್ರೀಲ್ ಎಂಬ ಆಟಗಾರರ ಹೆಸರಿನ ಮೊದಲಕ್ಷರ ಅದು. ಅದನ್ನು ಮನೆಮಾತಾಗಿಸಿದವರು 1995ರ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್.

ಬಾಡಿಗೆ ಏರದಿದ್ದರೆ ಒಳ್ಳೆಯ ಎಲೆ ಬರುವವರೆಗೆ ಎಲ್ಲರೂ ಕಾದು ಕೂತು, ಟೂರ್ನಿ ಮುಗಿಯುವುದೇ ಇಲ್ಲ. ಏರುವ ಬ್ಲೈಂಡ್‌ಗಳೇ ಆಟಗಾರರನ್ನು ಒಬ್ಬರ ಮೇಲೊಬ್ಬರು ಬೀಳುವಂತೆ ದೂಡುತ್ತವೆ.

ಮೊದಲ ಗಂಟೆ: ಬಿಡುವುದನ್ನು ಕಲಿಯುವುದು

ಡೀಲರ್ ಎಲೆ ಕಲಸಿ ಹಂಚಲು ಶುರುಮಾಡಿದಾಗ ಮೊದಲು ಗಮನಕ್ಕೆ ಬರುವುದು ಸದ್ದು. ನೂರಾರು ಮೇಜುಗಳಲ್ಲಿ ಸಾವಿರಾರು ಮಂದಿ ಬೆರಳ ತುದಿಯಲ್ಲಿ ಬಿಲ್ಲೆಗಳನ್ನು ಒಂದರೊಳಗೊಂದು ಸೇರಿಸುತ್ತಾ ಬಿಡಿಸುತ್ತಾ ಇರುತ್ತಾರೆ. ಮಳೆಗಾಲದ ರಾತ್ರಿ ತೋಟದಲ್ಲಿ ಜೀರುಂಡೆಗಳು ಕೂಗುತ್ತವಲ್ಲ, ಹಾಗೆ ಇಡೀ ಸಭಾಂಗಣ ಕಿರಗುಟ್ಟುತ್ತಿರುತ್ತದೆ.

ನಿಮ್ಮ ಎಲೆ: ಇಸ್ಪೀಟು ಏಳು, ಆಟೀನು ಎರಡು. ಫೋಲ್ಡ್. ಮುಂದಿನದು ಗುಲಾಮ, ನಾಲ್ಕು. ಫೋಲ್ಡ್. ರಾಣಿ, ಮೂರು. ಫೋಲ್ಡ್. ಎರಡು ಎಲೆಗಳು 1,326 ಬಗೆಯಲ್ಲಿ ಬರಬಹುದು. ಅವುಗಳಲ್ಲಿ ಜೋಡಿ ಬರುವುದು 17ಕ್ಕೆ ಒಂದು ಸಲ. ಎಕ್ಕದ ಜೋಡಿ ಬರುವುದು 221ಕ್ಕೆ ಒಂದು ಸಲ. ಇಡೀ ದಿನದಲ್ಲಿ 250 ಕೈ ಎಂದರೆ, ಸರಾಸರಿ ಲೆಕ್ಕದಲ್ಲಿ ಎಕ್ಕದ ಜೋಡಿ ಒಂದೇ ಒಂದು ಸಲ ಬಂದೀತು. ಬಾರದೆಯೂ ಹೋದೀತು. ಎಚ್ಚರದಿಂದ ಆಡುವವರು ಹತ್ತರಲ್ಲಿ ಎಂಟು ಕೈಯನ್ನು ಆರಂಭದಲ್ಲೇ ಎಸೆಯುತ್ತಾರೆ.

ಕ್ರಿಕೆಟ್ ನೋಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಟೆಸ್ಟ್ ಪಂದ್ಯದ ಮೊದಲ ಬೆಳಿಗ್ಗೆ ರಾಹುಲ್ ದ್ರಾವಿಡ್ ಆಫ್ ಸ್ಟಂಪ್ ಆಚೆಯ ಚೆಂಡುಗಳನ್ನು ಒಂದಾದ ಮೇಲೊಂದು ಬಿಡುತ್ತಿದ್ದರಲ್ಲ, ಅದೂ ಬ್ಯಾಟಿಂಗೇ. ಸ್ಕೋರ್‌ಬೋರ್ಡ್ ಅಲ್ಲಾಡುವುದಿಲ್ಲ, ಆದರೆ ಬೌಲರ್ ಎಲ್ಲಿ ಹಾಕುತ್ತಾನೆ, ಪಿಚ್ ಹೇಗಿದೆ ಎಂಬುದೆಲ್ಲ ತಲೆಯೊಳಗೆ ಸೇರುತ್ತಿರುತ್ತದೆ. ಮೇಜಿನಲ್ಲೂ ಅಷ್ಟೇ. ನಿಮ್ಮ ಎಡಕ್ಕಿರುವವರು ಪ್ರತಿ ಕೈಗೂ ಇಳಿಯುತ್ತಾರೆ. ಎದುರಿಗಿರುವ ಹಿರಿಯರು ಅರ್ಧ ಗಂಟೆಗೊಮ್ಮೆ ಮಾತ್ರ ಏರಿಸುತ್ತಾರೆ, ಏರಿಸಿದರೆಂದರೆ ಕೈಯಲ್ಲಿ ಏನೋ ಇದ್ದೇ ಇದೆ. ಎಲೆ ಎಸೆದ ಮೇಲೂ ಕಣ್ಣು ಆಟದ ಮೇಲೇ ಇರುವವರು ಈ ಹೊತ್ತಿನಲ್ಲೇ ಸಂಪಾದಿಸುತ್ತಾರೆ. ಇದು ನನಗೆ ಈ ಆಟದ ಅತ್ಯಂತ ಸ್ವಾರಸ್ಯದ ಭಾಗ. ಟೀವಿಯಲ್ಲಿ ಇದನ್ನು ಎಂದೂ ತೋರಿಸುವುದಿಲ್ಲ.

ಕೂತ ಜಾಗವೂ ಲೆಕ್ಕಕ್ಕೆ ಬರುತ್ತದೆ. ಕೊನೆಯಲ್ಲಿ ಮಾತಾಡುವವರಿಗೆ ಮಿಕ್ಕವರೆಲ್ಲ ಏನು ಮಾಡಿದರೆಂದು ಗೊತ್ತಿರುತ್ತದೆ. ಹರಾಜಿನಲ್ಲಿ ಎಲ್ಲರ ಕೂಗು ಕೇಳಿದ ಮೇಲೆ ಬೆಲೆ ಹೇಳುವ ಅನುಕೂಲ ಅದು. ಫ್ಲಾಪ್‌ನಿಂದ ಮುಂದೆ ಹೀಗೆ ಕೊನೆಯ ಮಾತು ಸಿಗುವ ಜಾಗಕ್ಕೆ 'ಬಟನ್' ಎನ್ನುತ್ತಾರೆ, ಗುರುತಿಗೆ ಒಂದು ಬಿಳಿ ಬಿಲ್ಲೆ ಇಟ್ಟಿರುತ್ತಾರೆ. ಮೊದಲು ಮಾತಾಡುವ ಜಾಗದಲ್ಲಿ ಎಸೆಯಬೇಕಾದ ಎಲೆಯನ್ನೇ ಬಟನ್‌ನಲ್ಲಿ ಧೈರ್ಯವಾಗಿ ಆಡಬಹುದು.

ಒಂದು ಕೈ, ಹತ್ತಿರದಿಂದ

ಎರಡನೇ ಗಂಟೆ ಮುಗಿಯುತ್ತಾ ಬಂದಿದೆ. ನಿಮ್ಮ ಬಳಿ 56,000 ಇದೆ. ಬಟನ್ ನಿಮ್ಮದು. ಎಲೆ ಎತ್ತಿ ನೋಡಿದರೆ ಆರರ ಜೋಡಿ. ಮೊದಲು ಮಾತಾಡಬೇಕಾದ ಆ ಹಿರಿಯರು 600ಕ್ಕೆ ಏರಿಸುತ್ತಾರೆ. ಉಳಿದವರು ಎಸೆಯುತ್ತಾರೆ. ನೀವು 600 ಇಟ್ಟು ಕಾಲ್ ಮಾಡುತ್ತೀರಿ. ಬ್ಲೈಂಡ್ ಇಟ್ಟ ಇಬ್ಬರೂ ಬಿಡುತ್ತಾರೆ. ಪಾಟ್‌ನಲ್ಲಿ 1,700.

ಆರರ ಜೋಡಿ ಅಷ್ಟೇನೂ ದೊಡ್ಡದಲ್ಲ. ಆದರೂ ಯಾಕೆ ಇಳಿದಿರಿ? ಫ್ಲಾಪ್‌ನಲ್ಲಿ ಇನ್ನೊಂದು ಆರು ಬಂದರೆ ನಿಮ್ಮದು ಮೂರು ಆರು ಆಗುತ್ತದೆ, ಅದೂ ಯಾರಿಗೂ ಕಾಣದಂತೆ. ಅದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ ಆಗುತ್ತದೆ. ಏಳೆಂಟು ಸಲ 600 ಕಳೆದುಕೊಂಡರೂ ಆ ಒಂದು ಸಲ ಅದರ ಹತ್ತಾರು ಪಟ್ಟು ಬಂದರೆ ಲೆಕ್ಕ ಸರಿಹೋಗುತ್ತದೆ. ಇಬ್ಬರ ಬಳಿಯೂ ಬಿಲ್ಲೆ ಧಾರಾಳವಾಗಿರುವುದರಿಂದ ಹಾಗೆ ಬರುವ ಸಾಧ್ಯತೆಯಿದೆ. ಇಬ್ಬರಲ್ಲಿ ಒಬ್ಬರ ಬಳಿ ಐದು ಸಾವಿರ ಮಾತ್ರ ಇದ್ದಿದ್ದರೆ ಇದೇ ಎಲೆಯನ್ನು ಎಸೆಯುವುದೇ ಸರಿ.

ಫ್ಲಾಪ್: ಇಸ್ಪೀಟು ರಾಜ, ಡೈಮಂಡ್ ಒಂಬತ್ತು, ಕಳಾವರ್ ಆರು. ಬಂತು. ಹಿರಿಯರು 800 ಇಡುತ್ತಾರೆ. ನೀವು ಕಾಲ್ ಮಾತ್ರ ಮಾಡುತ್ತೀರಿ. ಪಾಟ್ 3,300. ಟರ್ನ್‌ನಲ್ಲಿ ಆಟೀನು ಎರಡು. ಅವರು 2,000 ಇಡುತ್ತಾರೆ. ಈಗ ನೀವು 6,000ಕ್ಕೆ ಏರಿಸುತ್ತೀರಿ. ಅವರು ನಿಮ್ಮ ಬಿಲ್ಲೆಗಳನ್ನು ನೋಡುತ್ತಾರೆ, ತಮ್ಮ ಎಲೆಯ ತುದಿಯನ್ನು ಹೆಬ್ಬೆರಳಿನಿಂದ ಎತ್ತಿ ಮತ್ತೊಮ್ಮೆ ನೋಡುತ್ತಾರೆ, ನಿಧಾನವಾಗಿ ಆರು ಸಾವಿರ ಪೂರೈಸುತ್ತಾರೆ. ಪಾಟ್ 15,300. ರಿವರ್‌ನಲ್ಲಿ ಡೈಮಂಡ್ ಗುಲಾಮ. ಅವರು ಚೆಕ್. ನೀವು 8,000 ಇಡುತ್ತೀರಿ.

ಎಷ್ಟು ಇಡಬೇಕು ಎಂಬುದೇ ಇಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಎಲ್ಲ ಬಿಲ್ಲೆಯನ್ನೂ ತಳ್ಳಿದರೆ ಅವರು ಓಡಬಹುದು. ಸಾವಿರ ಇಟ್ಟರೆ ಸಿಗಬೇಕಾದದ್ದು ಸಿಗುವುದಿಲ್ಲ. ಅವರ ಕೈಯಲ್ಲಿ ಒಂದು ರಾಜ ಇದ್ದು, ಮೇಜಿನ ರಾಜನೊಂದಿಗೆ ಸೇರಿ ಜೋಡಿಯಾಗಿದೆ ಎಂದು ನಿಮ್ಮ ಅಂದಾಜು, ಆ ಜೋಡಿ ನಂಬಿ ಎಷ್ಟು ಕೊಟ್ಟಾರು ಎಂದು ಅಳೆದು ಇಟ್ಟದ್ದು ಈ ಎಂಟು ಸಾವಿರ. ಅವರು ಕಾಲ್ ಮಾಡಿ ಎಕ್ಕ, ರಾಜ ತೋರಿಸುತ್ತಾರೆ. ನಿಮ್ಮ ಮೂರು ಆರು ನೋಡಿ ತಲೆಯಾಡಿಸುತ್ತಾರೆ. 31,300ರ ಪಾಟ್ ನಿಮ್ಮ ಕಡೆ ಬರುತ್ತದೆ. ನಿಮ್ಮ ಬಳಿ ಈಗ 71,900.

ಎರಡು ಗಂಟೆಯ ಮೌನಕ್ಕೆ ಮೂರು ನಿಮಿಷದಲ್ಲಿ ಉತ್ತರ ಸಿಕ್ಕಿತು. ಅದೂ ಅಷ್ಟು ಹೊತ್ತು ಎಲೆ ಎಸೆಯುತ್ತಾ ಕೂತದ್ದರಿಂದಲೇ: ಆ ಹಿರಿಯರು ಬೇಗ ಏರಿಸಿದರೆ ದೊಡ್ಡ ಎಲೆ ಇರುತ್ತದೆ, ದೊಡ್ಡ ಎಲೆಯನ್ನು ಅವರು ಸುಲಭವಾಗಿ ಬಿಡುವುದಿಲ್ಲ ಎಂಬುದು ನಿಮಗೆ ಮೊದಲೇ ಗೊತ್ತಿತ್ತು.

ಬಾಯಿಂದ ಬಂದ ಮಾತು ಹಿಂದಕ್ಕೆ ಹೋಗದು

ಎದುರುಬದುರು ಆಡುವಾಗ ಮೊಬೈಲಿನಲ್ಲಿ ಇಲ್ಲದ ಹಲವು ಕಟ್ಟುಪಾಡುಗಳಿವೆ. 'ರೇಸ್' ಎಂದು ಬಾಯಿ ಬಿಟ್ಟು ಹೇಳಿದರೆ ಏರಿಸಲೇಬೇಕು. ಏನೂ ಹೇಳದೆ ಒಂದೇ ಒಂದು ದೊಡ್ಡ ಬಿಲ್ಲೆ ಇಟ್ಟರೆ ಅದು ಬರೀ ಕಾಲ್ ಎಂದು ಲೆಕ್ಕ. ಅಂದರೆ 600ರ ಎದುರು ಮಾತಾಡದೆ 5,000ದ ಒಂದು ಬಿಲ್ಲೆ ಎಸೆದರೆ ಡೀಲರ್ ನಿಮಗೆ 4,400 ಚಿಲ್ಲರೆ ವಾಪಸ್ ಕೊಡುತ್ತಾರೆ. ಸ್ವಲ್ಪ ಇಟ್ಟು, ಎದುರಿನವರ ಮುಖ ನೋಡಿ, ಮತ್ತೆ ಸ್ವಲ್ಪ ಇಡುವುದಕ್ಕೂ ಅವಕಾಶವಿಲ್ಲ. ಆಡುವಾಗ ಪಕ್ಕದವರ ಸಲಹೆ ಕೇಳುವಂತಿಲ್ಲ.

ಈ ನಿಯಮಗಳ ಸುತ್ತ ಒಂದು ಕಥೆ ಪೋಕರ್ ಮಂದಿಯ ಬಾಯಲ್ಲಿ ಇಂದಿಗೂ ಇದೆ. 1982ರಲ್ಲಿ ಜ್ಯಾಕ್ ಸ್ಟ್ರಾಸ್ ಎಂಬವರು ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿ ಸೋತು ಎದ್ದರಂತೆ. ಏಳುವಾಗ ನೋಡಿದರೆ ಒಂದು ಬಿಲ್ಲೆ ಮರೆಯಲ್ಲಿ ಉಳಿದುಬಿಟ್ಟಿತ್ತು. ಬಾಯಿಂದ 'ಆಲ್ ಇನ್' ಎಂದಿರಲಿಲ್ಲವಾದ್ದರಿಂದ ಮತ್ತೆ ಕೂರಲು ಬಿಟ್ಟರು. ಆ ವರ್ಷದ ಚಾಂಪಿಯನ್ ಅವರೇ. ಒಂದು ಬಿಲ್ಲೆ, ಒಂದು ಕುರ್ಚಿ ಇದ್ದರೆ ಸಾಕು ಎಂಬ ನುಡಿ ಈ ಕಥೆಯೊಂದಿಗೇ ಹರಡಿದೆ.

ಮಧ್ಯಾಹ್ನ: ಬೆಲೆ ಕೇಳಿ ಕೊಳ್ಳುವುದು

ಮೂರನೇ ಹಂತ. ನಿಮ್ಮ ಕೈಯಲ್ಲಿ ಆಟೀನಿನ ಎಕ್ಕ ಮತ್ತು ಹತ್ತು. ಟರ್ನ್ ಮುಗಿದಾಗ ಮೇಜಿನ ಮೇಲೆ ಎರಡು ಆಟೀನು ಇವೆ. ಇನ್ನೊಂದು ಆಟೀನು ಬಂದರೆ ಫ್ಲಶ್, ಗೆಲುವು ಬಹುತೇಕ ನಿಮ್ಮದೇ. ಬಾರದಿದ್ದರೆ ನಿಮ್ಮ ಬಳಿ ಏನೂ ಇಲ್ಲ. ಪಾಟ್‌ನಲ್ಲಿ 6,000 ಇದೆ. ಎದುರಿನವರು ಇನ್ನೂ 6,000 ಇಡುತ್ತಾರೆ. ಕಾಲ್ ಮಾಡಬೇಕೇ?

ನಿಮಗೆ ಕಾಣದ ಎಲೆ 46. ಅದರಲ್ಲಿ ಆಟೀನು 9. ಅಂದರೆ ನೂರರಲ್ಲಿ ಸುಮಾರು 20 ಸಲ ನಿಮಗೆ ಬೇಕಾದದ್ದು ಬರುತ್ತದೆ. ಈಗ ಬೆಲೆ ನೋಡಿ. ನೀವು 6,000 ಕೊಟ್ಟರೆ ಒಟ್ಟು ಪಾಟ್ 18,000 ಆಗುತ್ತದೆ, ನಿಮ್ಮದು ಅದರ ಮೂರನೇ ಒಂದು ಭಾಗ. ಮೂರು ಸಲಕ್ಕೊಮ್ಮೆ ಗೆದ್ದರೆ ಮಾತ್ರ ಸರಿದೂಗುತ್ತದೆ. ನೀವು ಗೆಲ್ಲುವುದು ಐದು ಸಲಕ್ಕೊಮ್ಮೆ. ಎಸೆಯಬೇಕು. ಅವರು 6,000ದ ಬದಲು 1,500 ಇಟ್ಟಿದ್ದರೆ? ನೀವು ಕೊಡುವುದು 9,000ದಲ್ಲಿ 1,500, ಆರು ಸಲಕ್ಕೊಮ್ಮೆ ಗೆದ್ದರೂ ಸಾಕು. ಆಗ ಕಾಲ್. ಅದೇ ಎಲೆ, ಅದೇ ಆಸೆ, ಬೆಲೆ ಮಾತ್ರ ಬೇರೆ. ಸಂತೆಯಲ್ಲಿ ಕಿಲೋ ಇಪ್ಪತ್ತಕ್ಕೆ ಕೊಳ್ಳುವ ಟೊಮೆಟೊವನ್ನು ನೂರು ಹೇಳಿದರೆ ಬಿಟ್ಟುಬರುತ್ತೇವಲ್ಲ. ಟೊಮೆಟೊ ಕೆಟ್ಟದ್ದೆಂದು ಬಿಡುವುದಿಲ್ಲ.

ನೀವು ಎಸೆದ ಮೇಲೆ ರಿವರ್‌ನಲ್ಲಿ ಆಟೀನು ಬರಲೂಬಹುದು. ಹೊಸಬರು ಅದನ್ನು ನೋಡಿ 'ಛೇ' ಎಂದು ಕೈ ಹಿಸುಕಿಕೊಳ್ಳುತ್ತಾರೆ, ಮುಂದಿನ ಸಲ ಎಸೆಯುವುದಿಲ್ಲ. ದಿನದ ಕೊನೆಗೆ ಅವರ ಕುರ್ಚಿ ಖಾಲಿಯಾಗುವುದು ಇಂಥ ಕೈಗಳಿಂದಲೇ.

ಏನೂ ಇಲ್ಲದೆ ಗೆಲ್ಲುವುದು

ಎಲ್ಲರೂ ಎಸೆದರೆ ಉಳಿದವರು ಗೆಲ್ಲುತ್ತಾರೆ ಎಂದೆನಲ್ಲ, 'ಬ್ಲಫ್' ಹುಟ್ಟುವುದು ಅಲ್ಲಿ. ಇದಕ್ಕೆ ದಾಖಲೆಯಲ್ಲಿರುವ ಒಂದು ಕೈಯನ್ನೇ ನೋಡೋಣ. 2003ರ ಮೇನ್ ಈವೆಂಟ್‌ನಲ್ಲಿ 839 ಮಂದಿ ಇದ್ದರು. ಕೊನೆಗೆ ಉಳಿದವರು ಇಬ್ಬರು: ಅನುಭವಿ ವೃತ್ತಿಪರ ಸ್ಯಾಮ್ ಫರ್ಹಾ, ಮತ್ತು ಟೆನೆಸಿ ರಾಜ್ಯದ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್. ಮನಿಮೇಕರ್ ಹತ್ತು ಸಾವಿರ ಡಾಲರ್ ಕಟ್ಟಿ ಬಂದವರಲ್ಲ. ನೂರು ಡಾಲರಿಗೂ ಕಡಿಮೆ ಶುಲ್ಕದ ಆನ್‌ಲೈನ್ ಅರ್ಹತಾ ಟೂರ್ನಿಯಲ್ಲಿ ಗೆದ್ದು ಬಂದವರು.

ಆ ಕೈಯಲ್ಲಿ ಮೇಜಿನ ಮೇಲೆ ಒಂಬತ್ತು, ಎರಡು, ಆರು, ಎಂಟು, ಮೂರು. ಅವುಗಳಲ್ಲಿ ಮೂರು ಎಲೆ ಇಸ್ಪೀಟು. ಫರ್ಹಾ ಬಳಿ ರಾಣಿ, ಒಂಬತ್ತು. ಅಂದರೆ ಒಂಬತ್ತರ ಜೋಡಿ, ಆ ಕ್ಷಣಕ್ಕೆ ಗೆಲ್ಲುವ ಕೈ. ಮನಿಮೇಕರ್ ಬಳಿ ಇಸ್ಪೀಟು ರಾಜ, ಆಟೀನು ಏಳು. ಸಾಲೂ ಆಗಲಿಲ್ಲ, ಫ್ಲಶ್ಶೂ ಆಗಲಿಲ್ಲ, ಜೋಡಿಯೂ ಇಲ್ಲ. ರಿವರ್ ಬಿದ್ದ ಮೇಲೆ ಅವರು ಇದ್ದದ್ದನ್ನೆಲ್ಲ ಮುಂದಕ್ಕಿಟ್ಟರು. ಫರ್ಹಾ ಬಹಳ ಹೊತ್ತು ಯೋಚಿಸಿ, ಎದುರಿನವರು ಫ್ಲಶ್‌ಗೆ ಕಾದು ಅದು ಕೈತಪ್ಪಿರಬಹುದೆಂದು ಅನುಮಾನಪಟ್ಟೂ ಎಲೆ ಎಸೆದರು. ಮನಿಮೇಕರ್ ಗೆದ್ದು 25 ಲಕ್ಷ ಡಾಲರ್ ಪಡೆದರು. ಮರುವರ್ಷ ಆಡಲು ಬಂದವರು 2,576 ಮಂದಿ.

ಬ್ಲಫ್ ಎಂದರೆ ಬರೀ ಸುಳ್ಳಲ್ಲ. ಮೊದಲಿನಿಂದ ನೀವು ಆಡಿದ ರೀತಿ ಒಂದು ಕಥೆ ಹೇಳಬೇಕು, ಆ ಕಥೆ ಎದುರಿನವರಿಗೆ ನಂಬುವಂತಿರಬೇಕು. ಮೂರು ಇಸ್ಪೀಟು ಬಿದ್ದ ಮೇಜಿನಲ್ಲಿ ಫ್ಲಶ್ ಇದೆ ಎಂಬ ಕಥೆ ನಂಬುವಂಥದ್ದು. ಎದುರಿನವರಿಗೆ ಎಸೆಯಲು ಸಾಧ್ಯವಾಗುವ ಕೈ ಇರಬೇಕು. ಏನು ಬಂದರೂ ಎಸೆಯದವರ ಮುಂದೆ ಬ್ಲಫ್ ಮಾಡುವುದು ಬಿಲ್ಲೆ ದಾನ ಮಾಡಿದಂತೆ.

ರಾತ್ರಿ: ತಪ್ಪಿಲ್ಲದೆ ಸೋಲುವುದು

ಐದನೇ ಹಂತ. ಬ್ಲೈಂಡ್ 300–600 ಎಂದುಕೊಳ್ಳೋಣ. ಏಳುಬೀಳುಗಳ ನಂತರ ನಿಮ್ಮ ಬಳಿ 60,400 ಉಳಿದಿದೆ. ಎಲೆ ಎತ್ತಿದರೆ ರಾಜನ ಜೋಡಿ. ಒಬ್ಬರು 1,500ಕ್ಕೆ ಏರಿಸುತ್ತಾರೆ, ನೀವು 5,000, ಅವರು 14,000, ನೀವು ಆಲ್ ಇನ್. ಅವರು ಕೂಡಲೇ ಕಾಲ್. ಅವರ ಬಳಿ ಒಟ್ಟು 38,000 ಇದೆ. ಟೂರ್ನಿಯಲ್ಲಿ ಒಬ್ಬರು ಆಲ್ ಇನ್ ಆಗಿ ಪಣ ಮುಗಿದ ಮೇಲೆ ಎರಡೂ ಕಡೆಯ ಎಲೆ ತೆರೆದಿಡಬೇಕು. ಅವರದು ಎಕ್ಕದ ಜೋಡಿ.

ಎಕ್ಕದ ಜೋಡಿಯ ಎದುರು ರಾಜನ ಜೋಡಿ ಗೆಲ್ಲುವುದು ನೂರರಲ್ಲಿ 18 ಸಲ. ಇಂದು ಆ 18ರಲ್ಲಿ ಒಂದಲ್ಲ. ಅವರಿಗೆ 38,000 ಎಣಿಸಿಕೊಟ್ಟ ಮೇಲೆ ನಿಮ್ಮಲ್ಲಿ 22,400. ಇಲ್ಲಿ ನೀವು ತಪ್ಪು ಮಾಡಿದಿರಾ? ಇಲ್ಲ. ನಿಮ್ಮ ಬಳಿ ರಾಜನ ಜೋಡಿ ಇರುವಾಗ ಮಿಕ್ಕ ಎಂಟು ಮಂದಿಯಲ್ಲಿ ಯಾರದೋ ಕೈಯಲ್ಲಿ ಎಕ್ಕದ ಜೋಡಿ ಇರುವುದು ಸುಮಾರು 25 ಸಲಕ್ಕೆ ಒಮ್ಮೆ. ಆ ಒಮ್ಮೆ ಇಂದು ಬಂತು. ಇಂಥದ್ದಕ್ಕೆ ಆಟಗಾರರು 'ಕೂಲರ್' ಎನ್ನುತ್ತಾರೆ. ಅದಾದ ಮೇಲೆ ತಲೆ ಕೆಟ್ಟು ಸಿಕ್ಕಸಿಕ್ಕ ಎಲೆಗೆಲ್ಲ ಬಿಲ್ಲೆ ಸುರಿಯುವ ಸ್ಥಿತಿಗೆ 'ಟಿಲ್ಟ್' ಎಂದು ಹೆಸರು. ಕೂಲರ್‌ಗಿಂತ ಹೆಚ್ಚು ಮಂದಿಯನ್ನು ಮನೆಗೆ ಕಳಿಸುವುದು ಅದರ ಹಿಂದೆಯೇ ಬರುವ ಟಿಲ್ಟ್ ಎಂದೇ ನನ್ನ ಅನಿಸಿಕೆ.

ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಗೆ ಈಗ ಒಂದು ಲೆಕ್ಕ ನೋಡಬಹುದು. ನೀವು ತುಂಬಾ ಜಾಣರು, ಬಿಲ್ಲೆಯನ್ನೆಲ್ಲ ಇಡುವಾಗ ಪ್ರತಿ ಸಲವೂ ನೂರಕ್ಕೆ 82 ಗೆಲ್ಲುವ ಬದಿಯಲ್ಲೇ ಇರುತ್ತೀರಿ ಎಂದುಕೊಳ್ಳಿ. ಹಾಗಿದ್ದೂ ಐದು ಸಲ ಆಲ್ ಇನ್ ಆಗಿ ಐದೂ ಸಲ ಉಳಿಯುವ ಸಾಧ್ಯತೆ ನೂರಕ್ಕೆ 37 ಮಾತ್ರ. ಒಂದು ದಿನದ ಫಲಿತಾಂಶವನ್ನು ಅದೃಷ್ಟ ಅಲ್ಲಾಡಿಸುತ್ತದೆ. ಸಾವಿರಾರು ಕೈಗಳಾದ ಮೇಲೆ 82 ಮತ್ತು 18ರ ಅಂತರ ತಾನಾಗಿ ಎದ್ದು ಕಾಣುತ್ತದೆ. ಅಂದರ್ ಬಾಹರ್‌ನಲ್ಲಿ ಹಣ ಇಟ್ಟ ಮೇಲೆ ಎಲೆ ಬೀಳುವುದನ್ನು ನೋಡುವುದಷ್ಟೇ ಕೆಲಸ. ಇಲ್ಲಿ ಎಸೆಯುವ, ಏರಿಸುವ, ಬೆಲೆ ಕಟ್ಟುವ ನಿರ್ಧಾರ ಪ್ರತಿ ಹೆಜ್ಜೆಗೂ ಇದೆ.

ಎರಡೂ ಇರುವುದರಿಂದಲೇ ನ್ಯಾಯಾಲಯಗಳಿಗೂ ಇದು ಸುಲಭದ ಪ್ರಶ್ನೆಯಾಗಲಿಲ್ಲ. ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರ್ ಜೂಜೆಂದಿತು. ಪಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಅಂಶಗಳನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಮಾಡಿತು. ಕೌಶಲದ ಆಟ ಮತ್ತು ಅದೃಷ್ಟದ ಆಟ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಆ ತೀರ್ಪಿನ ತಿರುಳು. 2025ರ ಕೇಂದ್ರ ಕಾಯ್ದೆ ಈ ಭೇದವನ್ನೇ ಬದಿಗಿಟ್ಟಿತು. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವುದಾದರೆ ಆಟ ಯಾವುದೇ ಆಗಿರಲಿ, ನಿಷೇಧ.

ಚೀಲಕ್ಕೆ ಬಿಲ್ಲೆ ತುಂಬುವ ಹೊತ್ತು

ಇನ್ನೊಂದು ಸುತ್ತು ಎಸೆದು 1,500 ಬಾಡಿಗೆ ಕಟ್ಟಿದ್ದೀರಿ. ಉಳಿದದ್ದು 20,900. ಒಬ್ಬರು ಏರಿಸುತ್ತಾರೆ. ನಿಮ್ಮ ಕೈಯಲ್ಲಿ ಎಕ್ಕ, ರಾಜ. ಈಗ ಕಾಯುತ್ತಾ ಕೂತರೆ ಬಾಡಿಗೆಯೇ ತಿಂದುಹಾಕುತ್ತದೆ. ಆಲ್ ಇನ್. ಬ್ಲೈಂಡ್‌ನವರು ಬಿಡುತ್ತಾರೆ, ಏರಿಸಿದವರು ಕಾಲ್ ಮಾಡಿ ರಾಣಿಯ ಜೋಡಿ ತೋರಿಸುತ್ತಾರೆ. ಅವರಿಗೆ ನೂರಕ್ಕೆ 57, ನಿಮಗೆ 43. ಫ್ಲಾಪ್‌ನಲ್ಲಿ ನಾಲ್ಕು, ಒಂಬತ್ತು, ಎರಡು. ಟರ್ನ್‌ನಲ್ಲಿ ಎಂಟು. ನೀವು ಎದ್ದು ನಿಂತು ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದೀರಿ. ರಿವರ್‌ನಲ್ಲಿ ಕಳಾವರ್ ರಾಜ. ಮತ್ತೆ ಕೂರುತ್ತೀರಿ.

ನಡುರಾತ್ರಿಯ ಹೊತ್ತಿಗೆ ಇನ್ನು ಇಂತಿಷ್ಟೇ ಕೈ ಬಾಕಿ ಎಂದು ಮೈಕಿನಲ್ಲಿ ಹೇಳುತ್ತಾರೆ. ಆ ಕೈಗಳನ್ನೂ ಎಸೆಯುತ್ತೀರಿ. ಆಮೇಲೆ ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಬಿಲ್ಲೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ಎರಡು ಸಲ ಎಣಿಸಿ, ಚೀಲದ ಮೇಲೆ ಹೆಸರು ಮತ್ತು ಮೊತ್ತ ಬರೆದು, ಅಂಟಿಸಿ ಕೊಡಬೇಕು. ನೀವು ಬರೆಯುವ ಅಂಕಿ 43,300. ಹತ್ತು ಗಂಟೆ ಆಡಿ ಶುರುವಿಗಿಂತ ಕಡಿಮೆಯೇ ಇದೆ, ಒಂದು ಡಾಲರ್ ಕೂಡ ಗೆದ್ದಿಲ್ಲ, ಬಹುಮಾನದ ಸಾಲು ಇನ್ನೂ ದಿನಗಟ್ಟಲೆ ದೂರವಿದೆ. ಮುಂದಿನ ದಿನ ಬೇರೆ ಮೇಜು, ಬೇರೆ ಮುಖಗಳು. ಬ್ಲೈಂಡ್ 400–800ರಿಂದ ಶುರುವಾದರೆ ನಿಮ್ಮ ಚೀಲದಲ್ಲಿರುವುದು 54 ದೊಡ್ಡ ಬ್ಲೈಂಡ್. ಆಡಲು ಅಷ್ಟು ಸಾಕು.